ಹಳದಿ ಫಲಕದ ಹೊತ್ತು

ಇಲ್ಲಿನ ಬೆಟ್ಟದ ದಾರಿಗೆ ಮೈಲಿಗಲ್ಲಿಲ್ಲ.
ಕವಲು ಬಂದಲ್ಲೆಲ್ಲ ಹಳದಿ ತಗಡಿನ ಬಾಣ,
ಅದರ ಮೇಲೆ ಬರೀ ಹೊತ್ತು:
ಸರೋವರಕ್ಕೆ ಮುಕ್ಕಾಲು ಗಂಟೆ,
ಮೇಲಿನ ತಂಗುಮನೆಗೆ ಎರಡೂಕಾಲು.
ಯಾರ ಕಾಲು ಹಿಡಿದು ಅಳೆದರೋ
ಅದನ್ನು ಮಾತ್ರ ಬರೆದಿಲ್ಲ.

ಕೊಶಿತ್ಸೆಯಿಂದ ಐದಕ್ಕೇ ಹೊರಟಿದ್ದೆವು,
ನಾನು, ಅಕ್ಕ ಝೋಫಿಯಾ, ಮತ್ತೆ
ಹದಿನೆಂಟು ಚಳಿಗಾಲ ರಸ್ತೆಯ ಉಪ್ಪು ತಿಂದು
ಅಂಚೆಲ್ಲ ಉದುರಿದ ಸ್ಕೋಡಾ.
ಬ್ರಾನಿಸ್ಕೊ ಸುರಂಗದೊಳಗೆ ರೇಡಿಯೊ ಸತ್ತಿತು,
ಆಚೆ ಬರುವಷ್ಟರಲ್ಲಿ ಹವಾಮಾನ ಮುಗಿದು ಸೋಪಿನ ಜಾಹೀರಾತು.
ಮಂಜಿನ ಮೇಲೆ ಸ್ಪಿಶ್ ಕೋಟೆ ತೇಲಿತು.
ಇಬ್ಬರೂ ನೋಡಿದೆವು, ಇಬ್ಬರೂ ಸುಮ್ಮನಿದ್ದೆವು.
ತೊಡೆಯ ಮೇಲೆ ಗಸಗಸೆ ರೊಟ್ಟಿ ಬಿಚ್ಚಿಕೊಂಡು
ಅಕ್ಕ ತನ್ನ ಮೊಣಕಾಲಿಗೆ ಬುದ್ಧಿ ಹೇಳುತ್ತಿದ್ದಳು,
ಹೊಸದು, ಲೋಹದ್ದು, ಫೆಬ್ರುವರಿಯಲ್ಲಿ ಕೂರಿಸಿದ್ದು:
"ನಿನಗಿದು ಮೊದಲ ಬೆಟ್ಟ. ಮಾನ ಕಳೀಬೇಡ."

ಕಾರು ನಿಲ್ಲಿಸಲು ಹತ್ತು ಯೂರೋ ಎಣಿಸಿಕೊಂಡ ಹುಡುಗ
ಕೋಲು ನೋಡಿ ಕೇಳಿದ, "ಸರೋವರದವರೆಗೆ ಸಾಕಲ್ಲ, ಅಮ್ಮಾ?"
ಅಕ್ಕನಿಗೆ ಅಷ್ಟೇ ಸಾಕಾಯಿತು.

ಬೇರು, ಕಲ್ಲು, ಮತ್ತೆ ಬೇರು.
ಫಲಕದ ಮುಕ್ಕಾಲು ಗಂಟೆ
ಎರಡು ಕಾಲಿಗೊಂದು ಕೋಲು ಸೇರಿ ಮುಕ್ಕಾಲಾದವಳಿಗೆ
ಎರಡು ಗಂಟೆಯಾಯಿತು.
ಅಪ್ಪನ ಬೆನ್ನಲ್ಲಿ ನಿದ್ದೆಹೋದ ಕೂಸು ನಮ್ಮನ್ನು ದಾಟಿತು.
ತನ್ನ ಗಂಟು ತಾನೇ ಹೊತ್ತ ನಾಯಿ ದಾಟಿತು.
ದಾಟಿದವರೆಲ್ಲ ನಮಸ್ಕಾರ ಹೇಳುವುದು ಇಲ್ಲಿಯ ರೂಢಿ,
ಒಬ್ಬರನ್ನೂ ಬಿಡದೆ ತಿರುಗಿ ಹೇಳುವುದು ಅಕ್ಕನ ಹಟ.
ಉಸಿರಿನ ಅರ್ಧ ಅದಕ್ಕೇ ಹೋಯಿತು.

ಕುಳ್ಳ ಪೈನುಗಳು ಮುಗಿಯುವಲ್ಲಿ ಕುಳಿತಿದ್ದೆವು.
ಕೆಳಗಿನಿಂದ ಕಿರ್ರೆಂದು ಮರದ ಸದ್ದು.
ಮೊದಲು ಕಂಡದ್ದು ನಿಂಬೆಹಣ್ಣು, ಬಲೆಚೀಲದಲ್ಲಿ,
ಆಮೇಲೆ ಗ್ಯಾಸ್ ಸಿಲಿಂಡರು, ಈರುಳ್ಳಿ ಮೂಟೆ, ಹಿಟ್ಟು,
ಬಿಯರಿನ ಪೀಪಾಯಿ,
ಎಲ್ಲಕ್ಕಿಂತ ಕೊನೆಗೆ, ಚೌಕಟ್ಟಿನಡಿಯಲ್ಲಿ,
ಒಬ್ಬ ಮನುಷ್ಯ.

ವಾವ್ರಿನೆತ್ಸ್ ಅಂತೆ ಹೆಸರು. ವಯಸ್ಸು ಐವತ್ತೊಂಬತ್ತು.
ಹೊರೆಯನ್ನು ಬಂಡೆಗೆ ಆನಿಸಿ, ಬಳುಕಿ ಈಚೆ ಬಂದ.
"ಇವತ್ತು ಅರವತ್ತೆರಡೇ ಕಿಲೋ."
ಅಕ್ಕ ಕೇಳಿದಳು: "ನಿಮಗೆ ಎಷ್ಟು ಹೊತ್ತು?"
"ಹೊತ್ತು ಹೋದರೆ ಮೂರು ಗಂಟೆ.
ಬರಿ ಬೆನ್ನಲ್ಲಿ ಹತ್ತಿ ಗೊತ್ತಿಲ್ಲ."

ಕೋಲು ನನ್ನ ಕೈಗಿತ್ತು ಅವಳು ಎದ್ದಳು.
ಹೊರೆಯನ್ನು ಎರಡೂ ಕೈಯಲ್ಲಿ ನೂಕಿದಳು,
ಆಸ್ಪತ್ರೆಯಲ್ಲಿ ಹಾಸಿಗೆ ನೂಕಿದವಳ ಅಭ್ಯಾಸದಿಂದ.
ನಿಂಬೆ ಮಾತ್ರ ಅಲ್ಲಾಡಿತು.
ಅವನು ನಕ್ಕ. ಬಲೆಯ ಕಣ್ಣು ಹಿಗ್ಗಿಸಿ ಒಂದನ್ನು ಕಿತ್ತು ಕೊಟ್ಟ.
"ಎಣಿಸಿ ಕಳಿಸಿರುತ್ತಾರೆ. ಒಂದು ಕಣಿವೆಗೆ ಬಿತ್ತು ಅಂತೀನಿ."
ಮತ್ತೆ ಪಟ್ಟಿಗೆ ಹೆಗಲು ಕೊಟ್ಟ, ನಡೆದ,
ಗಡಿಯಾರದ ದೊಡ್ಡ ಮುಳ್ಳಿನ ಹಾಗೆ:
ಚಲಿಸುವುದು ಕಾಣದು,
ತಿರುಗಿ ನೋಡಿದರೆ ಇರುವುದಿಲ್ಲ.

ತಂಗುಮನೆಯ ಮಾಡು ಕಂಡಿತು, ನಾವು ಮುಟ್ಟಲಿಲ್ಲ.
ಮೋಡ ಮೊದಲು ಮುಟ್ಟಿತು.
ಎಲ್ಲೋ ಕಲ್ಲುರಾಶಿಯಲ್ಲಿ ಮಾರ್ಮೊಟ್ ಸಿಳ್ಳೆ ಹಾಕಿತು,
ಅಕ್ಕ ಅದಕ್ಕೂ ನಮಸ್ಕಾರ ಅಂದಳು.
ಪೆಟ್ರೋಲ್ ಬಂಕಿನ ಸಕ್ಕರೆ ಪೊಟ್ಟಣ ಒಡೆದು
ನಿಂಬೆಯ ಹೋಳು ಅದ್ದಿ ಚೀಪಿದೆವು.
ಮುಖ ಕಿವುಚಿದಾಗ ಅವಳು ಥೇಟು ಏಳನೇ ತರಗತಿ.

ಇಳಿಯುವಾಗಿನದು ಹೇಳುವುದಿಲ್ಲ.
ಏಡಿಯ ಹಾಗೆ ಅಡ್ಡಡ್ಡ ಇಳಿದಳು, ನಾನು ಕೇಳಿರದ
ಬೈಗುಳಗಳು ಅವಳಲ್ಲಿ ಇದ್ದವು.

ಕಾರಿನ ಹಿಂದಿನ ಗಾಜಿಗೆ ವಾರದ ಧೂಳು.
ಬೆರಳಲ್ಲೊಂದು ಬಾಣ ಎಳೆದು, ತಪ್ಪಿಲ್ಲದ ಅಕ್ಷರದಲ್ಲಿ
ಅಕ್ಕ ಬರೆದಳು:
ಝೋಫಿಯಾ, ಹೆಚ್ಚುಕಡಿಮೆ ತಂಗುಮನೆಗೆ,
ನಾಲ್ಕೂವರೆ ಗಂಟೆ.

ಪ್ರೆಶೋವ್ ಬಳಿ ಪೊಲೀಸು ಕೈ ಅಡ್ಡ ಮಾಡಿದ,
ಓದಿದ, ಗಂಟಲು ಸರಿಮಾಡಿಕೊಂಡ,
"ಗಾಜು ಒರೆಸಿಕೊಳ್ಳಿ" ಅಂದ.
ಆಗಲಿ ಅಂದೆ.
ಆಗಸ್ಟ್ ಮುಗಿಯುತ್ತ ಬಂತು,
ಇನ್ನೂ ಪಕ್ಕದ ಕನ್ನಡಿಗಳಲ್ಲೇ ಓಡಿಸುತ್ತಿದ್ದೇನೆ.